ಗಿಡದ್ದಾದರೆ ಕೇಡಿಲ್ಲವೇ?

ಪತ್ರ: ಹುಬ್ಬಳ್ಳಿಯಲ್ಲಿ ಓದುವ ನನ್ನ ಮಗ ಗೋಕರ್ಣಕ್ಕೆ ಹೋದಾಗಲೆಲ್ಲ ಗೆಳೆಯರ ಜೊತೆ ಗಾಂಜಾ ಸೇದುತ್ತಾನಂತೆ. ಕೇಳಿದರೆ, ‘ಗಿಡದ ಸೊಪ್ಪು, ಶಿವನ ಪ್ರಸಾದ, ಹೆಂಡಕ್ಕಿಂತ ಮೇಲು’ ಎನ್ನುತ್ತಾನೆ. ನನಗೂ ಹೌದೆನಿಸುತ್ತದೆ. ತಮ್ಮ ಅಭಿಪ್ರಾಯವೇನು?
(ಹೆಸರು ಬೇಡ, ಶಿರಸಿ)

ಉತ್ತರ: ಮಾನ್ಯರೇ, ಮನೆಯೊಳಗಿನ ಮಾತನ್ನು ಬರೆದು ಕಳಿಸಿದ್ದೀರಿ. ನಮ್ಮ ಸೀಮೆಯಲ್ಲಿ ಅದು ಸಣ್ಣ ಧೈರ್ಯವಲ್ಲ.

ಮಗ ಹೇಳಿದ್ದರಲ್ಲಿ ಒಂದಿಷ್ಟು ನಿಜವಿದೆ. ವಿಪರೀತ ಕುಡಿದವರ ಉಸಿರು ನಿಲ್ಲುವಂತೆ ಗಾಂಜಾ ಸೇದಿದವರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಆ ಗಿಡದ ಒಂದು ಅಂಶದಿಂದ ಮಾಡಿದ ಔಷಧಿಯನ್ನು ಮಕ್ಕಳ ಕಠಿಣ ಅಪಸ್ಮಾರಕ್ಕೆ ಕೊಡಬಹುದೆಂದು 2018ರಲ್ಲಿ ಅಮೆರಿಕ ಒಪ್ಪಿದೆ. ಅಷ್ಟು ಸರಿ.

ಆದರೆ ಉಮ್ಮತ್ತಿಯೂ ಶಿವನಿಗೆ ಏರುತ್ತದೆ. ಅದರ ಕಾಯಿಯನ್ನು ಯಾರಾದರೂ ಮಕ್ಕಳ ಕೈಗೆ ಕೊಟ್ಟಾರೆಯೇ?

ಗಾಂಜಾವನ್ನು ಹೋಲುವ ರಾಸಾಯನಿಕಗಳನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ, ಬೇಕಾದಲ್ಲಿ, ಬೇಕಾದಷ್ಟೇ. ನೆನಪು, ಹಸಿವು, ಹೆದರಿಕೆ, ಕೈಕಾಲಿನ ಹಿಡಿತ ಇವನ್ನೆಲ್ಲ ಹದದಲ್ಲಿಡಲು ಅವು ನೆರವಾಗುತ್ತವೆ. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಮೆಶೂಲಮ್ ಮತ್ತು ಗಾವೋನಿ ಬೇರ್ಪಡಿಸಿದ ಟಿಎಚ್‌ಸಿ, ಅಂದರೆ ಗಾಂಜಾದ ಅಮಲೇರಿಸುವ ಅಂಶ, ಅವುಗಳ ಜಾಗಕ್ಕೆ ನುಗ್ಗಿ ಗಂಟೆಗಟ್ಟಲೆ ಕೂರುತ್ತದೆ. ಎದೆ ಡವಡವ ಎನ್ನುತ್ತದೆ, ಈಗ ಆಡಿದ ಮಾತು ಈಗಲೇ ಮರೆತುಹೋಗುತ್ತದೆ, ಬ್ರೇಕ್ ಒತ್ತುವ ಕಾಲು ತಡವಾಗುತ್ತದೆ. ಗೋಕರ್ಣದಿಂದ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತುವವನಿಗೆ ಆ ತಡ ಎಂಥದ್ದೆಂದು ನಿಮಗೆ ಬೇರೆ ಹೇಳಬೇಕಿಲ್ಲ. ತಿಂದರೆ ಇನ್ನೂ ಮೋಸ. ಏರಲು ಒಂದೆರಡು ಗಂಟೆ ಹಿಡಿಯುವುದರಿಂದ, ಏನೂ ಆಗಲಿಲ್ಲವೆಂದು ಮತ್ತಷ್ಟು ತಿನ್ನುತ್ತಾರೆ.

ನನಗೆ ಹೆಚ್ಚು ಭಯವಿರುವುದು ಅವನ ವಯಸ್ಸಿನದು. ಮಿದುಳಿನ ಮುಂಭಾಗ 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50ಕ್ಕಿಂತ ಹೆಚ್ಚು ಸಲ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮನಸ್ಸಿನ ಕಾಯಿಲೆ, ಸೇದದವರಿಗಿಂತ ಆರು ಪಟ್ಟು ಕಂಡಿತ್ತು. ಬೇರೆ ಕಾರಣಗಳನ್ನು ಕಳೆದ ಮೇಲೂ ಎರಡು ಪಟ್ಟಿಗಿಂತ ಹೆಚ್ಚೇ ಉಳಿಯಿತು. ಸೇದಿದವರಿಗೆಲ್ಲ ಬರುವುದಿಲ್ಲ, ವಂಶದಲ್ಲಿ ಇದ್ದರೆ ಅಪಾಯ ಹೆಚ್ಚು.

ವಂಶದಲ್ಲಿ ಇದೆಯೆಂದು ನಮ್ಮಲ್ಲಿ ಬಾಯಿ ಬಿಡುವವರು ಯಾರು? ಸಂಬಂಧ ಕೂಡಿಬರುವುದಿಲ್ಲ ಎಂದು ಅಜ್ಜನ, ಸೋದರತ್ತೆಯ ಕಾಯಿಲೆಯನ್ನೆಲ್ಲ ಮುಚ್ಚಿಟ್ಟವರು ನಾವು. ನಾನು ಬಲ್ಲ ಮನೆಯೊಂದರ ಹುಡುಗ, ತೋಟದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಾರೆಂದು ರಾತ್ರಿಯಿಡೀ ಎದ್ದು ಕೂರುತ್ತಿದ್ದ. ಮೊದಲು ಪ್ರಶ್ನೆ ಕೇಳಿಸಿದರು, ಶಾಂತಿ ಮಾಡಿಸಿದರು. ಕೊನೆಗೆ ಧಾರವಾಡದ ವೈದ್ಯರೆದುರು ಕೂತಾಗಲೇ ಅಪ್ಪ ಹೇಳಿದ್ದು: ‘ನನ್ನ ತಮ್ಮನಿಗೂ ಹೀಗೇ ಇತ್ತು.’ ಇದನ್ನು ಮೊದಲೇ ತಿಳಿದಿದ್ದರೆ ಆ ಹುಡುಗ ಗಾಂಜಾ ಮುಟ್ಟುತ್ತಿದ್ದನೇ?

ಗಾಂಜಾ ಸಿಕ್ಕಿಬಿದ್ದರೆ ಪತ್ರಿಕೆಯಲ್ಲಿ ಮೂಟೆಯ ಫೋಟೊ ಬರುತ್ತದೆ. ತಲೆ ಕೆಟ್ಟ ಹುಡುಗನನ್ನು ಘಟ್ಟ ದಾಟಿಸಿ ಊರೂರು ಅಲೆಸುವ ತಂದೆತಾಯಿಯ ಸುದ್ದಿ ಬರುವುದಿಲ್ಲ. 2022ರಲ್ಲಿ ಒಂದು ದೊಡ್ಡ ಆಸ್ಪತ್ರೆಗಾಗಿ ಇಡೀ ಉತ್ತರ ಕನ್ನಡ ಜಿಲ್ಲೆ ಕೂಗೆದ್ದಿತಲ್ಲ, ಆಗಲೂ ನಾವು ಕೇಳಿದ್ದು ಹೃದಯಕ್ಕೆ, ಅಪಘಾತಕ್ಕೆ. ಮನಸ್ಸಿನ ಕಾಯಿಲೆಯ ಹೆಸರೆತ್ತಿದವರು ಎಷ್ಟು ಮಂದಿ?

ಮಗನನ್ನು ಗದರಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೊದಲು, ನಿಮ್ಮೆರಡೂ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಅವನೆದುರು ಕೂತು, ಒಂದನ್ನೂ ಬಿಡದೆ ಹೇಳಿ.