ಮೊಣಕಾಲೆತ್ತರದ ಗೋಡೆ ಸಾಲದೇ, ಮೇಷ್ಟ್ರೇ?

ಓದುಗರ ಪತ್ರ: “ಮಾನ್ಯ ಸಂಪಾದಕರೇ, ಮಗಳ ಮನೆಗೆಂದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ಗೆ ಬಂದಿದ್ದೇನೆ. ನಿಮ್ಮ ಪತ್ರಿಕೆಯ ಹಳೆಯ ಪ್ರವಾಸ ಲೇಖನವೊಂದನ್ನು ನಂಬಿ, ಎರಡು ಗಂಟೆ ಕಾರಿನಲ್ಲಿ ಹೋಗಿ ಫೋರ್ಟ್ ಬೂಯಿ ಎಂಬ ಸೇನಾ ಕೋಟೆಯನ್ನು ನೋಡಿದೆವು. ಕಾರು ನಿಲ್ಲಿಸಿದಲ್ಲಿಂದ ಒಂದೂವರೆ ಮೈಲಿ ಬಿಸಿಲಿನಲ್ಲಿ ನಡೆಸಿ ಕೊನೆಗೆ ತೋರಿಸಿದ್ದು ಮೊಣಕಾಲೆತ್ತರದ ಮಣ್ಣಿನ ಗೋಡೆಗಳನ್ನು. ಬುರುಜಿಲ್ಲ, ಹೆಬ್ಬಾಗಿಲಿಲ್ಲ, ಕಂದಕವಿಲ್ಲ. ಇಷ್ಟು ಹಣವುಳ್ಳ ದೇಶ ಅದನ್ನು ಮೊದಲಿದ್ದಂತೆ ಮತ್ತೆ ಕಟ್ಟಿಸಬಾರದೇ? ಏಳು ಸುತ್ತಿನ ಚಿತ್ರದುರ್ಗವನ್ನು ಕಂಡ ಕಣ್ಣಿಗೆ ಅದು ಕೋಟೆ ಎನಿಸಲಿಲ್ಲ. ಇಂಥ ಜಾಗಗಳ ಬಗ್ಗೆ ತಾವು ಓದುಗರನ್ನು ಮೊದಲೇ ಎಚ್ಚರಿಸಬೇಕು.” — ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ: ಮೇಷ್ಟ್ರೇ, ಇದು ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಪತ್ರವಲ್ಲವೆಂದು ಕಂಡದ್ದರಿಂದ ಈ ಪುಟದ ಉಳಿದ ಪತ್ರಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಅವುಗಳನ್ನು ಬರೆದವರು ಮನ್ನಿಸಬೇಕು. ನಿವೃತ್ತಿಯಾದ ಮೇಲೂ ಮರುಭೂಮಿಯ ಬಿಸಿಲಿನಲ್ಲಿ ಹೋಗಿಬರುವ ಮೂರು ಮೈಲಿಯನ್ನು ನಡೆದು, ತಮ್ಮ ಬೇಸರವನ್ನು ಒಂದು ಕಾಗುಣಿತದ ತಪ್ಪೂ ಇಲ್ಲದೆ ಬರೆದು ಕಳಿಸುವ ಓದುಗರು ಯಾವ ಪತ್ರಿಕೆಗೂ ಸುಲಭವಾಗಿ ಸಿಗುವುದಿಲ್ಲ. ಆದರೆ ನಿಮ್ಮ ತೀರ್ಪನ್ನು ಮಾತ್ರ ನಾನು ಒಪ್ಪಲಾರೆ, ಮತ್ತು ಒಪ್ಪದಿರುವುದಕ್ಕೆ ಕಾರಣಗಳನ್ನು ತುಸು ಉದ್ದವಾಗಿಯೇ ಹೇಳುತ್ತೇನೆ.

ನಿಮ್ಮ ಪಾಲಿನ ನ್ಯಾಯವನ್ನು ಮೊದಲು ಸಲ್ಲಿಸಿಬಿಡೋಣ. ಸೂರು ಇರುವ ಕಟ್ಟಡ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ವಯೋಮಿಂಗ್‌ನ ಫೋರ್ಟ್ ಲ್ಯಾರಮಿಯಲ್ಲಿ 1849ರಲ್ಲಿ ಕಟ್ಟಿದ ಅಧಿಕಾರಿಗಳ ವಸತಿಗೃಹವನ್ನು ದುರಸ್ತಿ ಮಾಡಿ ನಿಲ್ಲಿಸಿದ್ದಾರೆ. ಟೆಕ್ಸಾಸ್‌ನ ಫೋರ್ಟ್ ಡೇವಿಸ್‌ನಲ್ಲಿ ಹಳೆಯ ಕಾಲದ ಸಂಜೆ ಕವಾಯತಿನ ಕಹಳೆ, ಕುದುರೆಗಳ ಸದ್ದು ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ. ಕೊಲರಾಡೋದ ಬೆಂಟ್ಸ್ ಫೋರ್ಟ್ ಎಂಬ ವ್ಯಾಪಾರಿ ಕೋಟೆಯನ್ನಂತೂ, 1846ರಲ್ಲಿ ಸೇನಾಧಿಕಾರಿಯೊಬ್ಬ ಅಳತೆ ಸಮೇತ ಬರೆದಿಟ್ಟಿದ್ದ ಚಿತ್ರಗಳ ಆಧಾರದಿಂದ, 1976ರಲ್ಲಿ ಬುಡದಿಂದ ಹೊಸದಾಗಿ ಎಬ್ಬಿಸಿದರು. ಹೋಗಿ ನೋಡಿ, ಸಂತೋಷವಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಇನ್ನು ಬೂಯಿಗೆ ಬರೋಣ. ನೀವು ಹುಡುಕಿದ ಬುರುಜು, ಕಂದಕಗಳು ಬಿದ್ದುಹೋದದ್ದಲ್ಲ, ಅವು ಅಲ್ಲಿ ಎಂದೂ ಇರಲಿಲ್ಲ. ಅಮೆರಿಕದ ಪಶ್ಚಿಮ ಗಡಿಯ ಸೇನಾ ಕೋಟೆಗಳಲ್ಲಿ ಹೆಚ್ಚಿನವು ನಡುವೆ ಒಂದು ಕವಾಯತು ಮೈದಾನ, ಅದರ ಸುತ್ತ ಸಿಪಾಯಿಗಳ ಸಾಲುಮನೆ, ಅಧಿಕಾರಿಗಳ ಮನೆ, ಉಗ್ರಾಣ, ಆಸ್ಪತ್ರೆ, ಕುದುರೆ ಲಾಯಗಳಿದ್ದ ಬಯಲು ಪಾಳೆಯಗಳು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂರುವ ಶತ್ರು ಅಲ್ಲಿರಲಿಲ್ಲವಾದ್ದರಿಂದ ಸುತ್ತುಗೋಡೆಗೆ ಯಾರೂ ಖರ್ಚು ಮಾಡಲಿಲ್ಲ. ಮದಕರಿ ನಾಯಕರ ದುರ್ಗದ ಅಳತೆಗೋಲನ್ನು ಅಲ್ಲಿಗೆ ಒಯ್ದದ್ದು ನೀವು. ಅದಕ್ಕೆ ಆ ಗೋಡೆಗಳೇನು ಮಾಡಿಯಾವು?

“ಮೊದಲಿದ್ದಂತೆ ಕಟ್ಟಬೇಕು” ಎನ್ನುತ್ತೀರಿ. ಯಾವ ವರ್ಷ ಇದ್ದಂತೆ? 1862ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ವಯಂಸೇವಕ ದಳದವರು ದಿಬ್ಬದ ಮೇಲೆ ಗುಡಾರ ಹೊಡೆದು, ಕಲ್ಲು ಮಣ್ಣು ಸೇರಿಸಿ ಎಬ್ಬಿಸಿದ ಒರಟು ಗೂಡುಗಳೇ ಮೊದಲ ಕೋಟೆ. 1868ರಲ್ಲಿ ಪಕ್ಕದ ಸಮತಟ್ಟು ನೆಲಕ್ಕೆ ಸರಿದು ಹಸಿ ಇಟ್ಟಿಗೆಯಲ್ಲಿ ಕಟ್ಟತೊಡಗಿದ್ದು ಎರಡನೆಯದು. ಅದು ಬೆಳೆಯುತ್ತ ಬೆಳೆಯುತ್ತ 1880ರ ದಶಕದ ಹೊತ್ತಿಗೆ ದಂಡಾಧಿಕಾರಿಗೆ ಹದಿಮೂರು ಕೋಣೆಗಳ ಬಂಗಲೆ, ಉಗಿಯಿಂದ ನಡೆಯುವ ಮಂಜುಗಡ್ಡೆ ಯಂತ್ರ ಎಲ್ಲವೂ ಬಂದವು. 1894ರ ಅಕ್ಟೋಬರ್‌ನಲ್ಲಿ ಸೇನೆ ಬಾಗಿಲು ಹಾಕಿತು. ಈ 32 ವರ್ಷಗಳಲ್ಲಿ ಯಾವುದನ್ನು ಕಟ್ಟಿಸಿದರೂ ಉಳಿದವನ್ನು ಅಳಿಸಬೇಕಾಗುತ್ತದೆ, ಮತ್ತು ಕಟ್ಟಿಸುವವರು ಆರಿಸುವುದು ಬಂಗಲೆಯನ್ನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರವಾಸಿಗರಿಗೆ ಬಂಗಲೆಯ ಪರದೆ, ಕುರ್ಚಿ, ಪಿಂಗಾಣಿ ತಟ್ಟೆ ತೋರಿಸುವುದು ಸುಲಭ.

ನಿಮ್ಮನ್ನು ಸುಸ್ತು ಮಾಡಿದ ಆ ಒಂದೂವರೆ ಮೈಲಿಯನ್ನೇ ನಾನು ಆ ಜಾಗದ ಅತ್ಯುತ್ತಮ ಭಾಗವೆಂದು ಎಣಿಸುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ನಡೆದಾಗ ಕಾಲುದಾರಿ ತೋರಿಸಿದ ಕ್ರಮ ಈಗಲೂ ನೆನಪಿದೆ. ಮೊದಲು ಸಿಗುವುದು 1858ರಲ್ಲಿ ಕಟ್ಟಿದ ಟಪಾಲು ಬಂಡಿಯ ಠಾಣೆಯ ಕಲ್ಲಿನ ಅಡಿಪಾಯ. ಅದರ ಹತ್ತಿರವೇ 1861ರ ಫೆಬ್ರವರಿಯಲ್ಲಿ ಲೆಫ್ಟಿನೆಂಟ್ ಬ್ಯಾಸ್ಕಮ್ ಎಂಬ ಎಳೆಯ ಅಧಿಕಾರಿ, ಆ ನಾಡಿನ ಮೂಲನಿವಾಸಿಗಳಾದ ಚಿರಿಕಾವ ಅಪಾಚೆಗಳ ನಾಯಕ ಕೊಚೀಸನನ್ನು ಮಾತಿಗೆಂದು ಗುಡಾರಕ್ಕೆ ಕರೆದು, ರೈತನೊಬ್ಬನ ಮನೆಯಿಂದ ಹುಡುಗನನ್ನು ಕದ್ದವನು ನೀನೇ ಎಂದು ಸೆರೆಹಿಡಿಯಲು ನೋಡಿದ. ಹುಡುಗನನ್ನು ಒಯ್ದವರು ಬೇರೆ ಗುಂಪಿನ ಅಪಾಚೆಗಳು. ಕೊಚೀಸ್ ಚಾಕುವಿನಿಂದ ಗುಡಾರ ಸೀಳಿಕೊಂಡು ತಪ್ಪಿಸಿಕೊಂಡ. ಅವನ ಬಂಧುಗಳು ಸಿಕ್ಕಿಬಿದ್ದರು. ಅವನೂ ಬಿಳಿಯರನ್ನು ಒತ್ತೆಯಾಳಾಗಿ ಹಿಡಿದ, ಕೊಂದ; ಸೈನಿಕರು ಕೊಚೀಸನ ತಮ್ಮ ಮತ್ತು ಸೋದರಳಿಯರನ್ನು ಸೇರಿಸಿ ಆರು ಮಂದಿಯನ್ನು ಮರಕ್ಕೆ ನೇಣು ಹಾಕಿದರು. ಕಣಿವೆಯಲ್ಲಿ ಮುಂದಿನ ಹನ್ನೊಂದು ವರ್ಷ ರಕ್ತ ಹರಿಯಿತು. ಕಳೆದುಹೋಗಿದ್ದ ಹುಡುಗ ಅಪಾಚೆಗಳ ನಡುವೆಯೇ ಬೆಳೆದು ದೊಡ್ಡವನಾಗಿ, ಕೊನೆಗೆ ಅದೇ ಸೇನೆಗೆ ದುಭಾಷಿಯಾಗಿ ಸಂಬಳಕ್ಕೆ ಸೇರಿದ ಎಂಬುದನ್ನು ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಬರುವುದು ಸ್ಮಶಾನ. ಸೈನಿಕರ ಅವಶೇಷಗಳನ್ನು 1895ರಲ್ಲಿ ಅಗೆದು ಸ್ಯಾನ್ ಫ್ರಾನ್ಸಿಸ್ಕೋದ ಸೇನಾ ಸ್ಮಶಾನಕ್ಕೆ ಸಾಗಿಸಿದರು. ಉಳಿದವರು ಊರವರು, ಬಂಡಿಯವರು, ಅಪಾಚೆಗಳು. ಅಲ್ಲೊಂದು ಪುಟ್ಟ ಮರದ ಫಲಕವಿದೆ: ಸೇನೆಯೊಡನೆ ಕೊನೆಯವರೆಗೂ ಕಾದಿದ ಅಪಾಚೆ ಮುಖಂಡ ಜೆರೊನಿಮೊನ ಎರಡು ವರ್ಷದ ಮಗ, ಸೇನೆ ಸೆರೆಹಿಡಿದು ತಂದ ಹೆಂಗಸರು ಮಕ್ಕಳೊಡನೆ ಬಂದು 1885ರಲ್ಲಿ ಆ ಕೋಟೆಯಲ್ಲಿ ತೀರಿಕೊಂಡ ಕೂಸು. ನೀವು ಅದನ್ನು ಓದಿದಿರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ.

ಸ್ಮಶಾನ ದಾಟಿ ಸ್ವಲ್ಪ ಮುಂದೆ ಮರಗಳ ನೆರಳಲ್ಲಿ ಅಪಾಚೆ ಊಟೆ. ಬಂಡೆಗಳ ಸಂದಿನಿಂದ ಸಣ್ಣ ಧಾರೆಯಾಗಿ ಇಳಿಯುವ ನೀರು. ನಮ್ಮ ಮಲೆನಾಡಿನವರು ಅದನ್ನು ಕಂಡರೆ ಅಬ್ಬಿಯೆಂದೂ ಕರೆಯಲಾರರು. ಆದರೆ ಆ ಒಣನಾಡಿನಲ್ಲಿ ಮಳೆಗಾಲ ಬೇಸಗೆ ಎನ್ನದೆ ನೀರು ಸಿಗುತ್ತಿದ್ದ ತಾಣ ಅದು, ಡಾಸ್ ಕಬೇಸಾಸ್ ಮತ್ತು ಚಿರಿಕಾವ ಬೆಟ್ಟಗಳ ನಡುವಿನ ಕಣಿವೆದಾರಿ ಅಲ್ಲಿಂದಲೇ ಹಾಯಬೇಕಾಗಿದ್ದುದೂ ಅದಕ್ಕಾಗಿಯೇ. 1862ರ ಜುಲೈ 15ರಂದು ಬಾಯಾರಿ ಬಸವಳಿದ ಸೈನಿಕರು ಅಲ್ಲಿಗೆ ಬಂದಾಗ ಮೇಲಿನ ಬಂಡೆಗಳ ಮರೆಯಲ್ಲಿ ಕೊಚೀಸನೂ ಇನ್ನೊಬ್ಬ ಅಪಾಚೆ ನಾಯಕ ಮಂಗಾಸ್ ಕೊಲೊರಾಡಾಸನೂ ತಮ್ಮವರೊಡನೆ ಕಾದಿದ್ದರು. ಹೊವಿಟ್ಜರ್ ತೋಪುಗಳ ಗುಂಡು ಬಂಡೆಗಳ ಮೇಲೆ ಸಿಡಿಯತೊಡಗಿದ ಮೇಲೆಯೇ ಸೇನೆಗೆ ನೀರು ದಕ್ಕಿತು. ಜನರಲ್ ಕಾರ್ಲ್‌ಟನ್ ಆ ಊಟೆಯನ್ನು ಕಾಯಲೆಂದು ಕೋಟೆಗೆ ಅಪ್ಪಣೆ ಕೊಟ್ಟದ್ದು ಅದಾದ ಕೆಲವೇ ದಿನಗಳಲ್ಲಿ. ಹೀಗೆ ಠಾಣೆ, ಸಮಾಧಿ, ನೀರು ಎಲ್ಲವನ್ನೂ ದಾಟಿ ಕೊನೆಗೆ ಗೋಡೆಗಳ ಬಳಿ ಬರುವವನಿಗೆ, ಅವು ಏಕೆ ಅಲ್ಲಿ ಎದ್ದವು ಎಂಬುದನ್ನು ಇನ್ನೊಬ್ಬರು ವಿವರಿಸಬೇಕಾಗಿಲ್ಲ. ಕಾರನ್ನು ನೇರವಾಗಿ ಕವಾಯತು ಮೈದಾನಕ್ಕೆ ಬಿಟ್ಟಿದ್ದರೆ ನೀವು ಬಂಗಲೆಯ ಅಡಿಪಾಯವನ್ನು ಮೊದಲು ನೋಡುತ್ತಿದ್ದಿರಿ, ಊಟೆಯನ್ನು ನೋಡದೆಯೇ ಬರುತ್ತಿದ್ದಿರಿ. ಅಂದಹಾಗೆ, ನಡೆಯಲಾಗದವರು ಮೊದಲೇ ಫೋನ್ ಮಾಡಿದರೆ ವಾಹನದಲ್ಲಿ ಹತ್ತಿರದವರೆಗೆ ಹೋಗಲು ಬೇರೆ ವ್ಯವಸ್ಥೆ ಇದೆ. ನಮ್ಮ ಹಳೆಯ ಲೇಖನದಲ್ಲಿ ಇದನ್ನು ಬರೆಯಬೇಕಿತ್ತೆಂಬ ನಿಮ್ಮ ದೂರಿದ್ದರೆ ಅದು ನ್ಯಾಯವೇ.

ಮರುನಿರ್ಮಾಣದ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿಯೇ ಇರುವುದು. ಗಡಿಯ ಕೋಟೆಯೆಂದರೆ ಇಬ್ಬರ ಕಥೆ, ಆದರೆ ಗೋಡೆ ಕಟ್ಟಿದವರು ಒಬ್ಬರೇ. ಕೋಟೆಯನ್ನು ಮತ್ತೆ ಎಬ್ಬಿಸಿದರೆ ಬಾವುಟ, ಕಹಳೆ, ಹಿತ್ತಾಳೆ ಗುಂಡಿಯ ನೀಲಿ ಕೋಟು ಎಲ್ಲ ಮರಳಿ ಬರುತ್ತವೆ; ಕಲ್ಲನ್ನೂ ಇಟ್ಟಿಗೆಯನ್ನೂ ಬಿಟ್ಟುಹೋಗದ ಜನರು ಇನ್ನಷ್ಟು ಸಣ್ಣವರಾಗುತ್ತಾರೆ. 1886ರಲ್ಲಿ ಜೆರೊನಿಮೊನ ಕೈಬೆರಳೆಣಿಕೆಯ ಜನರ ಬೆನ್ನು ಹತ್ತಲು ಸುಮಾರು 5,000 ಸೈನಿಕರನ್ನು ತೊಡಗಿಸಿದ್ದರು. ಸೆಪ್ಟೆಂಬರ್ 4ರಂದು ಅವನು ಜನರಲ್ ಮೈಲ್ಸ್‌ಗೆ ಶರಣಾದ. ನಾಲ್ಕು ದಿನಗಳ ಬಳಿಕ ಈ ಕವಾಯತು ಮೈದಾನದಿಂದಲೇ ಅವರನ್ನು ಬಂಡಿಗಳಲ್ಲಿ ರೈಲ್ವೆ ನಿಲ್ದಾಣಕ್ಕೆ, ಅಲ್ಲಿಂದ ಫ್ಲಾರಿಡಾಕ್ಕೆ ಸಾಗಿಸುವಾಗ ಸೇನೆಯ ವಾದ್ಯದವರು ಬೀಳ್ಕೊಡುಗೆಯ ಹಾಡನ್ನು ನುಡಿಸಿದರಂತೆ. ಅವನಿದ್ದ ಜಾಗವನ್ನು ಪತ್ತೆಹಚ್ಚಿ ಶರಣಾಗತಿಗೆ ದಾರಿ ಮಾಡಿಕೊಟ್ಟ ಮಾರ್ಟೀನ್ ಮತ್ತು ಕಾಯಿಟಾ ಎಂಬಿಬ್ಬರು ಅಪಾಚೆ ಬೇಹಿನವರನ್ನೂ, ಅವರು ಸೇನೆಯ ಸಂಬಳದವರಾಗಿದ್ದರೂ, ಕೈದಿಗಳೊಡನೆ ಕಳಿಸಿಬಿಟ್ಟರು. ಚಿರಿಕಾವರು 1913ರವರೆಗೆ ಯುದ್ಧಕೈದಿಗಳಾಗಿಯೇ ಉಳಿದರು. ಅಲ್ಲಿ ಹುಟ್ಟಿದ ಮಕ್ಕಳೂ ಕೈದಿಗಳೇ. ಜೆರೊನಿಮೊ 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರನ್ನು ಕಂಡು ಅರಿಜೋನಾಕ್ಕೆ ಮರಳಲು ಬಿಡಿ ಎಂದು ಬೇಡಿಕೊಂಡ, ಒಪ್ಪಿಗೆ ಸಿಗಲಿಲ್ಲ. 1909ರಲ್ಲಿ ಒಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿ ಸತ್ತ. ಇಷ್ಟೆಲ್ಲ ನಡೆದ ಮೈದಾನದಲ್ಲಿ ನಿಮಗೆ ಹೆಬ್ಬಾಗಿಲು ಬೇಕಿತ್ತೇ?

ಇನ್ನು ಆ ಮಣ್ಣಿನ ಗೋಡೆ. ಸೇನೆ ಹೊರಟ ಮೇಲೆ ಸುತ್ತಲಿನವರು ತೊಲೆ, ಬಾಗಿಲು, ಕಿಟಕಿಗಳನ್ನು ಕಿತ್ತು ತಮ್ಮ ಮನೆಗಳಿಗೆ ಒಯ್ದರು; ಸೂರು ಹೋದ ಹಸಿ ಇಟ್ಟಿಗೆ ಮಳೆಗೆ ಕರಗಿತು. ಈಗ ಉಳಿದ ಮೊಂಡು ಗೋಡೆಗಳಿಗೆ ಸುಣ್ಣದ ಗಾರೆಯ ಹೊದಿಕೆ ಕೊಟ್ಟು ಕಾಪಾಡುತ್ತಿದ್ದಾರೆ. ನೋಡಲು ಅದು ಸಪ್ಪೆ, ನಿಜ. ಆದರೆ ಗಾರೆಯ ಅಂಚಿನಲ್ಲಿ ಬಿರುಕು ಬಿಟ್ಟಿತೇ, ಬುಡದಲ್ಲಿ ನೀರು ನಿಂತಿತೇ ಎಂದು ವರ್ಷವರ್ಷವೂ ನೋಡುವ ಜನರಿರಬೇಕಾದ ಕೆಲಸ ಅದು. ಶಂಕುಸ್ಥಾಪನೆಗೂ ಉದ್ಘಾಟನೆಗೂ ಅದರಲ್ಲಿ ಅವಕಾಶವಿಲ್ಲ.

ನಮ್ಮಲ್ಲಿ ಅವೆರಡಕ್ಕೂ ಅವಕಾಶವಿಲ್ಲದ ಕೆಲಸ ನಡೆಯುವುದೇ ಇಲ್ಲ ಎಂಬುದು ನನ್ನ ಹಳೆಯ ಗೋಳು, ಈ ಪುಟದ ಓದುಗರಿಗೆ ಗೊತ್ತಿರುವುದೇ. ಬಯಲುಸೀಮೆಯ ಒಂದೂರಿನಲ್ಲಿ ಪಾಳೆಯಗಾರರ ಕಾಲದ ಮಣ್ಣಿನ ಬತೇರಿಗೆ ‘ಜೀರ್ಣೋದ್ಧಾರ’ವೆಂದು ಸಿಮೆಂಟು ಮೆತ್ತಿದ್ದನ್ನು ನಾನು ಕಂಡಿದ್ದೇನೆ. ಮಣ್ಣು ನೆಲದಿಂದ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ, ಬೆವರಿದ ಮೈಗೆ ರೈನ್‌ಕೋಟು ತೊಡಿಸಿದ ಹಾಗೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಹಪ್ಪಳಗಳು ಒಂದೊಂದು ಗೇಣು ಹಳೆಯ ಮಣ್ಣನ್ನೂ ಕಚ್ಚಿಕೊಂಡು ಉದುರಿದ್ದವು. ಕೆಳಗೆ ಬಣ್ಣದ ಟೈಲ್ಸು, ಸ್ಟೀಲಿನ ಕಟಕಟೆ, ನೀರಿಲ್ಲದ ಕಾರಂಜಿ, ಸೆಲ್ಫಿಗೆಂದು ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು. ಕೋಟೆ ಕಟ್ಟಿದ ಪಾಳೆಯಗಾರ ಯಾರೆಂದು ತಿಳಿಸುವ ಫಲಕ ಮಾತ್ರ ಇರಲಿಲ್ಲ.

ಚಿತ್ರದುರ್ಗದ ಹೆಸರೆತ್ತಿದ್ದು ನೀವೇ ಆದ್ದರಿಂದ ಕೇಳುತ್ತೇನೆ. ಮೇಲುದುರ್ಗದಲ್ಲಿ ಟಂಕಸಾಲೆ ಎಂದು ತೋರಿಸುವ, ಸೂರಿಲ್ಲದೆ ನಿಂತ ಎತ್ತರದ ಮಣ್ಣಿನ ಗೋಡೆಗಳಿವೆಯಲ್ಲ, ಶಾಲೆಯ ಪ್ರವಾಸದಲ್ಲಿ ನೀವು ಮಕ್ಕಳನ್ನು ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಿದ್ದಿರಿ? ನಾನು ಕಂಡ ಮೇಷ್ಟರುಗಳೆಲ್ಲ ಓಬವ್ವನ ಕಿಂಡಿಯ ಫೋಟೋ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಸೀಟಿ ಊದುತ್ತಿದ್ದರು. ಕೆಂಪೇಗೌಡರು ಬೆಂಗಳೂರಿಗೆ ಹಾಕಿಸಿದ ಮಣ್ಣಿನ ಕೋಟೆಯ ಜಾಗದಲ್ಲಿ 1761ರಲ್ಲಿ ಹೈದರಾಲಿ ಕಲ್ಲಿನದನ್ನು ಕಟ್ಟಿಸತೊಡಗಿದ, 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ಒಡೆದು ನುಗ್ಗಿತು, ಆಮೇಲೆ ಊರೇ ಅದನ್ನು ತಿಂದುಹಾಕಿತು. ಈಗ ಉಳಿದ ಬಾಗಿಲಿನ ಮುಂದೆ ಬಸ್ಸುಗಳು ಹೋಗುತ್ತಿರುತ್ತವೆ, ಯಾರೂ ತಲೆಯೆತ್ತುವುದಿಲ್ಲ. ನಮ್ಮದೇ ಗಡಿ ಕಾವಲಿನ ಸೇನಾ ಕೋಟೆಯೆಂದರೆ ಸಕಲೇಶಪುರದ ಹತ್ತಿರ ಟಿಪ್ಪು 1792ರಲ್ಲಿ ಮುಗಿಸಿದ ಮಂಜರಾಬಾದು. ಮಂಗಳೂರಿನ ದಾರಿ ಕಾಯಲು ಕಟ್ಟಿದ ಆ ಎಂಟು ಮೂಲೆಯ ನಕ್ಷತ್ರವನ್ನು ಈಗ ಬಹುತೇಕರು ಆಕಾಶದಿಂದ ಡ್ರೋನ್ ತೆಗೆದ ಚಿತ್ರದಲ್ಲಿ ನೋಡಿ ತೃಪ್ತರಾಗುತ್ತಾರೆ. ಒಳಗಿನ ಕೊಳಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ಸಿಪಾಯಿಗಳು ಮಲೆನಾಡಿನ ಜಡಿಮಳೆಯಲ್ಲಿ ಮದ್ದನ್ನು ಹೇಗೆ ಒಣಗಿಸಿಡುತ್ತಿದ್ದರು ಎಂದು ಕೇಳುವವರು ಕಡಿಮೆ.

ಆದ್ದರಿಂದ ಓದುಗರನ್ನು ಎಚ್ಚರಿಸಬೇಕೆಂಬ ನಿಮ್ಮ ಸಲಹೆಯನ್ನು ಅರ್ಧ ಮಾತ್ರ ಪಾಲಿಸುತ್ತೇನೆ. ಫೋರ್ಟ್ ಬೂಯಿಗೆ ಹೋಗುವವರು ತಲೆಗೆ ಟೋಪಿ ಹಾಕಿಕೊಳ್ಳಿ, ನೀರು ಒಯ್ಯಿರಿ, ಬೆಳಿಗ್ಗೆಯೇ ಹೊರಡಿ. ಮರಳುವಾಗ ಬಂದ ದಾರಿಯಲ್ಲೇ ಇಳಿಯದೆ ಹಿಂದಿನ ಗುಡ್ಡದ ಏಣಿನ ಮೇಲಿನ ದಾರಿ ಹಿಡಿದರೆ ಇಡೀ ಪಾಳೆಯದ ನಕ್ಷೆ ಕಾಲಡಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮೊಣಕಾಲೆತ್ತರದ ಗೋಡೆಗಳ ಉಪಯೋಗ ಅಲ್ಲಿಂದ ತಿಳಿಯುತ್ತದೆ.

ಚಳಿಗಾಲದವರೆಗೂ ನೀವು ಅಲ್ಲೇ ಇರುವುದಾದರೆ ಮಗಳನ್ನೂ ಅಳಿಯಂದಿರನ್ನೂ ಒಪ್ಪಿಸಿ ನ್ಯೂಮೆಕ್ಸಿಕೋದ ಫೋರ್ಟ್ ಯೂನಿಯನ್ನಿಗೆ ಹೋಗಿಬನ್ನಿ. ದೂರದ ದಾರಿ, ನಡುವೆ ಒಂದು ರಾತ್ರಿ ತಂಗಬೇಕಾದೀತು. 1851ರಿಂದ 1891ರವರೆಗೆ ನೈರುತ್ಯ ಗಡಿಯ ಕೋಟೆಗಳಿಗೆಲ್ಲ ದವಸ, ಬಟ್ಟೆ, ಮದ್ದು ಸರಬರಾಜಾಗುತ್ತಿದ್ದ ದೊಡ್ಡ ಉಗ್ರಾಣ ಅದು. ಅಲ್ಲಿ ಗೋಡೆಗಳು ನಿಮ್ಮ ತಲೆಗಿಂತ ಎತ್ತರ, ಇಟ್ಟಿಗೆಯ ಹೊಗೆಗೂಡುಗಳೂ ನಿಂತಿವೆ, ಮಣ್ಣಿನ ಗೋಡೆಗೆ ಮಣ್ಣನ್ನೇ ಬಳಿದು ಕಾಪಾಡುವ ಕೆಲಸದವರೂ ಕಾಣಸಿಕ್ಕಾರು. ಹುಲ್ಲುಗಾವಲಿನಲ್ಲಿ ಸಾಂಟಾ ಫೆ ದಾರಿಯ ಸರಕಿನ ಬಂಡಿಗಳ ಗಾಲಿ ಕೊರೆದ ತಗ್ಗುಗಳು ಇಂದಿಗೂ ಇವೆ. ಅವುಗಳ ಫೋಟೋ ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಚೆನ್ನಾಗಿ ಬರುತ್ತದೆ. ಲೇಖನ ಬರೆದು ಕಳಿಸಿ, ಬೈಗುಳ ಸಮೇತ ಅಚ್ಚು ಮಾಡುತ್ತೇನೆ.