ಅನ್ನ ಬಿಟ್ಟ ಮೇಲೆ ಬೆನ್ನಿಗೆ ಬಂದ ತುರಿಕೆ

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತೂಕ ಇಳಿಸಬೇಕೆಂದು ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲವನ್ನೂ ಒಮ್ಮೆಲೇ ಬಿಟ್ಟು ಮೊಟ್ಟೆ, ಪನೀರ್, ಕೋಳಿ, ತುಪ್ಪ, ಬಾದಾಮಿಗಳಲ್ಲೇ ದಿನ ಕಳೆಯುತ್ತಿದ್ದಾಳೆ. ಎರಡು ವಾರವಾಗುತ್ತಿದ್ದಂತೆ ಬೆನ್ನು, ಎದೆಯ ನಡುಭಾಗ ಹಾಗೂ ಕತ್ತಿನ ಹಿಂಬದಿಯಲ್ಲಿ ಕೆಂಪು ಗುಳ್ಳೆಗಳೆದ್ದು ವಿಪರೀತ ತುರಿಕೆ ಶುರುವಾಯಿತು. ಔಷಧಿ ಅಂಗಡಿಯವರು ಕೊಟ್ಟ ಟ್ಯೂಬ್ ಹಚ್ಚಿ ಪ್ರಯೋಜನವಾಗಿಲ್ಲ. ಗುಳ್ಳೆ ಆರಿದ ಕಡೆ ಬಲೆಯಂಥ ಕಂದು ಕಲೆ ಉಳಿದಿದೆ. ದೇಹದ ಕಲ್ಮಶ ಹೊರಹೋಗುತ್ತಿದೆ, ಗಾಬರಿ ಬೇಡ ಎಂದು ಜಿಮ್‌ನ ತರಬೇತುದಾರರು ಹೇಳಿದರಂತೆ. ನನಗೋ ಇದು ಮೊಟ್ಟೆ, ಕೋಳಿಯ ಉಷ್ಣವೆಂದು ಅನುಮಾನ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಊಟ ಬದಲಾದದ್ದಕ್ಕೂ ತುರಿಕೆಗೂ ನಂಟಿದೆಯೆಂಬ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಆದರೆ ಮಗಳು ಹೊಸದಾಗಿ ತಿನ್ನತೊಡಗಿದ್ದಕ್ಕಿಂತ ಆಕೆ ಬಿಟ್ಟದ್ದರ ಮೇಲೆಯೇ ನನಗೆ ಹೆಚ್ಚು ಗುಮಾನಿ.

ದಿನದ ಶರ್ಕರಪಿಷ್ಟ (ಅನ್ನ, ಮುದ್ದೆ, ಹಣ್ಣುಗಳಲ್ಲಿರುವ ಕಾರ್ಬೊಹೈಡ್ರೇಟ್) ಸುಮಾರು 50 ಗ್ರಾಂಗಿಂತ ಕೆಳಗಿಳಿದಾಗ ಯಕೃತ್ತು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಪದಾರ್ಥಗಳನ್ನು ತಯಾರಿಸಿ ದೇಹಕ್ಕೆ ಉರುವಲಾಗಿ ಒದಗಿಸುತ್ತದೆ. ಬಹುಪಾಲು ಜನರ ಚರ್ಮ ಇದನ್ನು ಸಹಿಸಿಕೊಳ್ಳುತ್ತದೆ. ಕೆಲವರಲ್ಲಿ, ಅದರಲ್ಲೂ ಹರೆಯದ ಹೆಣ್ಣುಮಕ್ಕಳಲ್ಲಿ, ಆಹಾರ ಬದಲಿಸಿದ ಕೆಲವೇ ದಿನ ಅಥವಾ ವಾರಗಳಲ್ಲಿ ನೀವು ವರ್ಣಿಸಿದಂಥ ಗುಳ್ಳೆಗಳೇಳುತ್ತವೆ. ಇದನ್ನು ಮೊದಲು ಗುರುತಿಸಿ ವಿವರಿಸಿದವರು ಜಪಾನಿನ ಚರ್ಮವೈದ್ಯ ನಾಗಾಶಿಮಾ ಮತ್ತು ಅವರ ಸಂಗಡಿಗರು, 1971ರಲ್ಲಿ. ಪ್ರುರೈಗೊ ಪಿಗ್ಮೆಂಟೋಸಾ ಎಂಬುದು ಇದರ ವೈದ್ಯಕೀಯ ಹೆಸರು. ಶರ್ಕರಪಿಷ್ಟವನ್ನು ಹೀಗೆ ತೀರಾ ಕಡಿತಗೊಳಿಸುವ ಕೀಟೋ ಪಥ್ಯದ ಭರಾಟೆ ಹೆಚ್ಚಿದ ಮೇಲೆ 'ಕೀಟೋ ರಾಶ್' ಎಂಬ ಅಡ್ಡಹೆಸರೂ ಅಂಟಿಕೊಂಡಿದೆ. ಕೀಟೋನ್‌ಗಳು ಚರ್ಮದ ಸೂಕ್ಷ್ಮ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳನ್ನು ಸೆಳೆದು ಉರಿಯೂತ ಎಬ್ಬಿಸುತ್ತವೆ ಎಂಬುದು ವೈದ್ಯರ ತಿಳಿವಳಿಕೆ. ಕಲ್ಮಶ ಹೊರಹಾಕುವ ಕೆಲಸಕ್ಕೆ ನಮಗೆ ಯಕೃತ್ತು, ಮೂತ್ರಪಿಂಡಗಳಿವೆ. ಬೆನ್ನಿನ ಗುಳ್ಳೆಗಳ ಮೂಲಕ ಅದು ನಡೆಯುವುದಿಲ್ಲವೆಂದು ಆ ತರಬೇತುದಾರರಿಗೆ ಮಗಳೇ ಹೇಳಲಿ.

ಈ ರೋಗವನ್ನು ಪತ್ತೆ ಹಚ್ಚಿಕೊಡುವುದು ನೀವು ಬರೆದಿರುವ ಆ ಬಲೆಯೇ. ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸಿ ಕೂರಿಸಿದರೆ ಬೆನ್ನುಮೂಳೆಯ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಕಂದು ಗೆರೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದೂ, ಆ ಹೆಣಿಗೆಯ ಮೇಲೆಯೇ ಅಲ್ಲಲ್ಲಿ ಹೊಸ ಕೆಂಪು ಗುಳ್ಳೆಗಳು ಕುಳಿತಿರುವುದೂ ಕಾಣುತ್ತದೆ. ಬೆವರುಸಾಲೆಯಲ್ಲಿ ಇಂಥ ಬಲೆ ಮೂಡುವುದಿಲ್ಲ. ಹುಳುಕಡ್ಡಿಯಾಗಿದ್ದರೆ ಅಂಚು ಉಬ್ಬಿ ಬಳೆಯಂತೆ ದುಂಡಗೆ ಹರಡುತ್ತದೆ. ಮೊಟ್ಟೆಯೋ ಬಾದಾಮಿಯೋ ಒಗ್ಗದೆ ಏಳುವ ಪಿತ್ತದ ಗಂಧೆಗಳಾದರೆ ಒಂದೊಂದೂ 24 ಗಂಟೆಯೊಳಗೆ ಕಲೆಯುಳಿಸದೆ ಅಡಗಿಬಿಡುತ್ತದೆ. ಇಷ್ಟಾದರೂ ಪತ್ರ ಓದಿ ಚರ್ಮರೋಗವನ್ನು ಖಚಿತಪಡಿಸಲಾಗದು. ಚರ್ಮವೈದ್ಯರೊಬ್ಬರು ಕಣ್ಣಾರೆ ನೋಡಬೇಕು, ಅನುಮಾನವುಳಿದರೆ ಚರ್ಮದ ಚೂರೊಂದನ್ನು ಪರೀಕ್ಷೆಗೆ ಕಳುಹಿಸಬೇಕು.

ಅಷ್ಟರಲ್ಲಿ ಆಕೆ ಮಾಡಬಹುದಾದ ಕೆಲಸ ಸರಳವಾಗಿದೆ: ಬಿಟ್ಟ ಶರ್ಕರಪಿಷ್ಟದಲ್ಲಿ ಒಂದಷ್ಟನ್ನು ತಟ್ಟೆಗೆ ಮರಳಿ ತರುವುದು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 65ರಿಂದ 70 ಗ್ರಾಂ ಶರ್ಕರಪಿಷ್ಟವಿರುತ್ತದೆ. ಆದ್ದರಿಂದ ಮಧ್ಯಾಹ್ನ ಒಂದು ಸಣ್ಣ ಮುದ್ದೆಯೊಂದಿಗೆ ಸೊಪ್ಪಿನ ಬಸ್ಸಾರು, ಬೆಳಿಗ್ಗೆ ಎರಡು ಇಡ್ಲಿ, ನಡುವೆ ಒಂದು ಸೀಬೆಹಣ್ಣು ಇಷ್ಟಾದರೆ ಕೀಟೋನ್ ತಯಾರಿಕೆ ತಗ್ಗುತ್ತದೆ. ತೂಕ ಇಳಿಸುವ ಗುರಿಗೂ ಇದರಿಂದ ಭಂಗವಿಲ್ಲ. ಇಳಿಕೆ ತುಸು ನಿಧಾನವಾಗಬಹುದು, ಅಷ್ಟೆ. ಮೊದಲ ವಾರದಲ್ಲಿ ಸರ್ರನೆ ಇಳಿದ ತೂಕದಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು: ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಪ್ರತಿ ಗ್ರಾಂ ಶರ್ಕರಪಿಷ್ಟ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದು ಖರ್ಚಾದಂತೆ ನೀರೂ ಹೋಗುತ್ತದೆ. ಅನ್ನ ಬಿಟ್ಟ ಹೊಸತರಲ್ಲಿ ಬಾಯಿ, ತುಟಿ ಒಣಗುವುದಕ್ಕೂ ಇದೇ ಕಾರಣ.

ಊಟ ಸರಿಪಡಿಸಿದ ಮೇಲೆ ಅನೇಕರಲ್ಲಿ ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ತುರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಡಾಕ್ಸಿಸೈಕ್ಲಿನ್ ಅಥವಾ ಮಿನೋಸೈಕ್ಲಿನ್ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಇಲ್ಲಿ ಅವು ಕ್ರಿಮಿ ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುವ ಕೆಲಸ ಮಾಡುತ್ತವೆ. ಗರ್ಭಿಣಿಯರು ಇವನ್ನು ಸೇವಿಸಬಾರದು, ಅಂಗಡಿಯಲ್ಲಿ ಕೇಳಿ ತಂದು ನುಂಗುವಂಥವೂ ಇವಲ್ಲ. ಕಂದು ಬಲೆ ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಉಜ್ಜಿದರೆ, ನಿಂಬೆರಸ ಹಚ್ಚಿದರೆ ಮತ್ತಷ್ಟು ಕಪ್ಪಾಗುತ್ತದೆ.

ಆ ಟ್ಯೂಬಿನ ಬಗ್ಗೆ ಒಂದು ಮಾತು. ಚೀಟಿಯಿಲ್ಲದೆ ಕೈಗೆ ಬರುವ ಇಂಥ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಕಲಸಿರುವುದೇ ಹೆಚ್ಚು. ಕೀಟೋ ಗುಳ್ಳೆಗೆ ಇವು ನಾಟುವುದಿಲ್ಲ. ಹುಳುಕಡ್ಡಿಯಾಗಿದ್ದರಂತೂ ಮೇಲಿನ ಕೆಂಪನ್ನು ಮರೆಮಾಡಿ ಒಳಗೊಳಗೇ ಹಬ್ಬಿಸುತ್ತವೆ. ಇಂದೇ ನಿಲ್ಲಿಸಿ, ವೈದ್ಯರ ಬಳಿ ಹೋಗುವಾಗ ಆ ಟ್ಯೂಬನ್ನೂ ಒಯ್ಯಿರಿ. ಕೀಟೋನ್ ಹೆಚ್ಚಲು ಪಥ್ಯವೊಂದೇ ಕಾರಣವಲ್ಲ, ದೀರ್ಘ ಉಪವಾಸ ಮತ್ತು ಹತೋಟಿಯಿಲ್ಲದ ಮಧುಮೇಹದಲ್ಲೂ ಹೀಗಾಗುತ್ತದೆ. ಆದ್ದರಿಂದ ಮಗಳ ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ಪ್ರಶ್ನೆ: ವಯಸ್ಸು 38, ತೂಕ 94 ಕಿಲೋ. ಕತ್ತಿನ ಸುತ್ತ ಚರ್ಮ ಕಪ್ಪಾಗಿ ದಪ್ಪಗಾಗಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅನ್ನ ಕಡಿಮೆ ಮಾಡಿದರೆ ಹೋಗುತ್ತದೆಂದು ಗೆಳೆಯರು ಹೇಳುತ್ತಾರೆ. ನಿಜವೇ? ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ.
– ಓದುಗರು, ಹಾಸನ

ಉತ್ತರ: ಗೆಳೆಯರ ಮಾತಿನಲ್ಲಿ ಹುರುಳಿದೆ. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ಬಹುಕಾಲ ಹೆಚ್ಚಾಗಿರುವುದರಿಂದ ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಮಡಿಕೆಗಳಲ್ಲಿ ಕಪ್ಪು ಮಖಮಲ್ಲಿನಂತೆ ದಪ್ಪಗಾಗುತ್ತವೆ. ಕಂಕುಳಲ್ಲೂ ಹೀಗೆಯೇ ಇದೆಯೇ ನೋಡಿಕೊಳ್ಳಿ. ಅನ್ನ, ಸಕ್ಕರೆ, ಮೈದಾ ತಗ್ಗಿಸಿ ತೂಕ ಇಳಿಸಿದರೆ ಇನ್ಸುಲಿನ್ ಇಳಿಯುತ್ತದೆ, ತಿಂಗಳುಗಳು ಕಳೆದಂತೆ ಬಣ್ಣವೂ ತಿಳಿಯಾಗುತ್ತದೆ. ಕಲ್ಲು, ನಾರು ಹಿಡಿದು ತಿಕ್ಕುವುದನ್ನು ಮೊದಲು ನಿಲ್ಲಿಸಿ.

ಆದರೆ ನಿಮ್ಮ ಮಾತ್ರೆಗಳ ಹೆಸರು ನನಗೆ ಬರೆದಿಲ್ಲ. ಅವುಗಳಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದ್ದರೆ ಅನ್ನವನ್ನು ತೀರಾ ಕಡಿತಗೊಳಿಸುವುದು ಅಪಾಯ: ಸಕ್ಕರೆ ಮಟ್ಟ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗಿ ಜೀವಕ್ಕೆ ಕುತ್ತು ಬರಬಹುದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಇದ್ದರೆ ಸಕ್ಕರೆ ಹಠಾತ್ತನೆ ಕುಸಿಯಬಹುದು. ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೇಳಿ, ಪ್ರಮಾಣ ಹೊಂದಿಸಿಕೊಂಡ ನಂತರವಷ್ಟೇ ಪಥ್ಯ ಆರಂಭಿಸಿ.

ಪ್ರಶ್ನೆ: ಸಿಹಿ, ಬೇಕರಿ ತಿಂಡಿ ಬಿಟ್ಟ ಮೇಲೆ ಮೊಡವೆ ಇಳಿದಿತ್ತು. ಪ್ರೋಟೀನ್ ಪುಡಿ ಶುರುಮಾಡಿದ ಮೇಲೆ ಮತ್ತೆ ಎದ್ದಿವೆ. ಪಥ್ಯದಿಂದ ಉಪಯೋಗವೇ ಇಲ್ಲವೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಉಪಯೋಗವಿದೆ. ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ತರುಣರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆಯನ್ನು ದಿಢೀರನೆ ಏರಿಸದ ಆಹಾರವನ್ನು 12 ವಾರ ಸೇವಿಸಿದವರ ಮೊಡವೆಗಳು ಉಳಿದವರಿಗಿಂತ ಹೆಚ್ಚು ಇಳಿದವು. ನಿಮ್ಮ ಪುಡಿ ಹಾಲಿನಿಂದ ತೆಗೆದ ವೇ ಪ್ರೋಟೀನ್ ಆಗಿದ್ದರೆ, ಅದು ಇನ್ಸುಲಿನ್ನನ್ನು ಚೆನ್ನಾಗಿಯೇ ಏರಿಸುತ್ತದೆ. ಕೆಲವರಲ್ಲಿ ಮೊಡವೆ ಮರುಕಳಿಸಲು ಅಷ್ಟು ಸಾಕು. ಎರಡು ತಿಂಗಳು ಪುಡಿ ಬಿಟ್ಟು, ಬದಲಿಗೆ ಮೀನು, ಮೊಟ್ಟೆ, ಮೊಳಕೆ ಹೆಸರುಕಾಳು ತಿಂದು ನೋಡಿ. ಆಗಲೂ ಏಳುತ್ತಿದ್ದರೆ, ಕಲೆ ಉಳಿಯುವ ಮುಂಚೆ ಚರ್ಮವೈದ್ಯರನ್ನು ಕಾಣಿ.