ಹಿನ್ನೀರಿಗೆ ಅಲ್ಯುಮಿನಿಯಂ ದೋಣಿ: ಎಷ್ಟು ಅಡಿ, ಎಷ್ಟು ಎಚ್‌ಪಿ?

ಪ್ರಶ್ನೆ: ನಮ್ಮೂರು ಹೇಮಾವತಿ ಹಿನ್ನೀರಿನ ಪಕ್ಕದಲ್ಲೇ ಇದೆ. ಮೀನು ಹಿಡಿಯುವ ಲೈಸೆನ್ಸ್ ಇದೆ. ಇಷ್ಟು ದಿನ ಹರಿಗೋಲಿನಲ್ಲೇ ಬಲೆ ಬಿಡುತ್ತಿದ್ದೆವು. ಈಗ ಅಣ್ಣ ತಮ್ಮ ಸೇರಿ ಅಲ್ಯುಮಿನಿಯಂ ದೋಣಿ ತೆಗೆದುಕೊಳ್ಳೋಣ ಅಂತಿದ್ದೇವೆ. 12 ಅಡಿಯದ್ದು, 14 ಅಡಿಯದ್ದು ಎರಡೂ ನೋಡಿದೆವು. ಒಬ್ಬರು 15 ಎಚ್‌ಪಿ ಮೋಟಾರು ಹಾಕಿಸಿ ಅಂತಾರೆ, ಇನ್ನೊಬ್ಬರು 5 ಸಾಕು ಅಂತಾರೆ. ಯಾರ ಮಾತು ಕೇಳಬೇಕು ಸರ್?
– ಓದುಗರು, ಆಲೂರು ತಾಲ್ಲೂಕು

ಉತ್ತರ: ಮೋಟಾರಿನ ಮಾತು ಆಮೇಲೆ. ಮೊದಲು ದೋಣಿ ಗಟ್ಟಿ ಮಾಡಿಕೊಳ್ಳಿ. ದುಡ್ಡು ಸಾಲದೆ ಹೋದರೆ ಮೋಟಾರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ದೋಣಿಯಲ್ಲಿ ಇಳಿಯಬೇಡಿ. ಚಿಕ್ಕ ಮೋಟಾರು ನಿಮ್ಮನ್ನು ನಿಧಾನವಾಗಿ ಮನೆಗೆ ತಲುಪಿಸುತ್ತದೆ. ಚಿಕ್ಕ ದೋಣಿ ಗಾಳಿ ಎದ್ದ ದಿನ ತಲುಪಿಸುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ದೋಣಿಯನ್ನು ಅಳೆಯಬೇಕಾದದ್ದು ನಿಮ್ಮ ಅತಿ ಭಾರದ ದಿನಕ್ಕೆ. ಲೆಕ್ಕ ಹಾಕಿ. ಮೂರು ಜನ ಅಂದರೆ 200 ಕೆಜಿ ದಾಟಿತು. ಮೋಟಾರು 40. ಒದ್ದೆ ಬಲೆ, ಐಸ್ ಪೆಟ್ಟಿಗೆ, ಕಾಟ್ಲಾ, ರೋಹು ಸಿಕ್ಕಿದ ದಿನದ ಮೀನು ಸೇರಿದರೆ ಇನ್ನೊಂದು 150. ಟ್ಯಾಂಕು, ಲಂಗರು, ಹುಟ್ಟು ಬೇರೆ. 400 ಕೆಜಿ ಮುಟ್ಟಿತು ಅಲ್ವಾ? ಇಷ್ಟನ್ನು ಹೊತ್ತ ಮೇಲೂ ದೋಣಿಯ ಅಂಚು ನೀರಿನಿಂದ ಒಂದು ಅಡಿಯಾದರೂ ಮೇಲಿರಬೇಕು. 12 ಅಡಿ ದೋಣಿಗೆ ಇದು ಕಷ್ಟ. 14 ಅಡಿಯದ್ದನ್ನೇ ತೆಗೆದುಕೊಳ್ಳಿ, ಅಗಲ 5 ಅಡಿಗೆ ಕಡಿಮೆ ಬೇಡ. ಜನ ಉದ್ದ ಕೇಳುತ್ತಾರೆ, ಅಗಲ ಕೇಳುವುದೇ ಇಲ್ಲ. ಬಲೆ ಎಳೆಯುವಾಗ ಇಬ್ಬರು ಒಂದೇ ಮಗ್ಗುಲಿಗೆ ಬಾಗುತ್ತೀರಿ. ಆಗ ದೋಣಿ ಮಗುಚದಂತೆ ಹಿಡಿಯುವುದು ಅಗಲವೇ.

ತಳದ ಆಕಾರವೂ ಮುಖ್ಯ. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಅಲ್ಲಾಡುವುದಿಲ್ಲ, ಮೊಣಕಾಲು ನೀರಿನಲ್ಲೂ ಹೋಗುತ್ತದೆ. ಆದರೆ ಹೇಮಾವತಿಯಂಥ ಬಯಲು ನೀರಿನಲ್ಲಿ ಅಲೆ ಎದ್ದರೆ ಮುಂಭಾಗ ಪಟಪಟ ಬಡಿಯುತ್ತದೆ, ನೀರು ಮುಖಕ್ಕೆ ಎರಚುತ್ತದೆ. ಮುಂದೆ ವಿ ಆಕಾರ ಇದ್ದು, ಹಿಂದೆ ಹಿಂದೆ ಬಂದಂತೆ ಚಪ್ಪಟೆಯಾಗುವ ತಳ ನಿಮಗೆ ಸರಿ. ಆಷಾಢದ ಗಾಳಿ ನೋಡಿದವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ.

ತಗಡು ಯಾವುದು ಅಂತ ಕೇಳಿ. ದೋಣಿಗೆ ಆಗುವುದು 5052 ಅಥವಾ 5083 ದರ್ಜೆಯ ಅಲ್ಯುಮಿನಿಯಂ. ಇವುಗಳಲ್ಲಿ ಮೆಗ್ನೀಸಿಯಂ ಬೆರೆತಿರುತ್ತದೆ, ನೀರಿಗೆ ತಾಳಿಕೊಳ್ಳುತ್ತವೆ. ವರ್ಕ್‌ಶಾಪಿನಲ್ಲಿ ಮಾಡಿಸುವುದಾದರೆ ತಗಡಿನ ಜೊತೆ ಬಂದ ಸರ್ಟಿಫಿಕೇಟ್ ತೋರಿಸಿ ಅನ್ನಿ. ತಳದ ದಪ್ಪ 2 ಮಿ.ಮೀ. ಇರಲಿ. 1.6 ಮಿ.ಮೀ. ದೋಣಿ ಹಗುರ, ಇಬ್ಬರೇ ಎತ್ತಿ ಇಡಬಹುದು, ಆದರೆ ನಿಮ್ಮ ನೀರಿಗೆ ಸಾಲದು. ಯಾಕೆಂದರೆ ಅದರ ಅಡಿಯಲ್ಲಿ ಊರುಗಳಿವೆ. ಶೆಟ್ಟಿಹಳ್ಳಿ ಚರ್ಚಿನ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಿಕ್ಕ ಪಾಯ, ಬಾವಿಕಟ್ಟೆ, ಮರದ ಬುಡ ನೀರು ಇಳಿಯುವ ಬೇಸಿಗೆಯಲ್ಲಿ ಒಂದಡಿ ಕೆಳಗೆ ಕಾಣದೆ ಕೂತಿರುತ್ತವೆ. ಅಲ್ಯುಮಿನಿಯಂ ತಗುಲಿದರೆ ತಗ್ಗಾಗುತ್ತದೆ, ಸಾಮಾನ್ಯವಾಗಿ ಒಡೆಯುವುದಿಲ್ಲ. ಫೈಬರ್ ಬಿಟ್ಟು ಇದನ್ನು ಆರಿಸಿದ್ದಕ್ಕೆ ಇದೊಂದೇ ಕಾರಣ ಸಾಕು.

ರಿವಿಟ್ ಹೊಡೆದದ್ದೋ, ವೆಲ್ಡಿಂಗ್ ಮಾಡಿದ್ದೋ? ಒಳ್ಳೆ ವೆಲ್ಡಿಂಗ್ ಸಿಕ್ಕರೆ ಅದೇ. ಅಲ್ಯುಮಿನಿಯಂ ವೆಲ್ಡಿಂಗ್ ಗೇಟು, ಕಿಟಕಿ ಮಾಡುವವರ ಕೈಗೆ ಬರುವ ಕೆಲಸ ಅಲ್ಲ. ಅರೆಬರೆ ವೆಲ್ಡಿಂಗ್‌ಗಿಂತ ಅಚ್ಚುಕಟ್ಟಾದ ರಿವಿಟ್ ಎಷ್ಟೋ ಮೇಲು. ರಿವಿಟ್ ದೋಣಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ದೋಣಿಯನ್ನು ನೆಲದ ಮೇಲೆ ಎರಡು ಮೂರು ಕಡೆ ಮರದ ದಿಮ್ಮಿಯ ಮೇಲೆ ಕೂರಿಸಿ. ಒಳಗೆ ಮೂರು ನಾಲ್ಕು ಇಂಚು ಮಾತ್ರ ನೀರು ಬಿಡಿ. ಅರ್ಧ ಗಂಟೆ ಬಿಟ್ಟು ಕೆಳಗೆ ಬಗ್ಗಿ ನೋಡಿ. ಒಣಗಿದ ತಗಡಿನ ಮೇಲೆ ರಿವಿಟ್ ತಲೆಯ ಸುತ್ತ ಒದ್ದೆ ಉಂಗುರ ಕಂಡರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಒಂದೆರಡು ಇದ್ದರೆ ಮತ್ತೆ ಬಡಿಸಬಹುದು. ಸಾಲಾಗಿ ಒಸರುತ್ತಿದ್ದರೆ ಆ ದೋಣಿ ಬಿಟ್ಟುಬಿಡಿ.

ಸೀಟಿನ ಕೆಳಗೆ ಫೋಮ್ ತುಂಬಿದ್ದಾರಾ ಅಂತ ಕೈ ಹಾಕಿ ನೋಡಿ. ಅಲ್ಯುಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಫೋಮ್ ಇಲ್ಲದ ದೋಣಿಗೆ ನೀರು ತುಂಬಿದರೆ ನೇರ ತಳಕ್ಕೆ ಹೋಗುತ್ತದೆ. ಫೋಮ್ ಇದ್ದರೆ ಮುಳುಗಿದಂತಾದರೂ ಹಿಡಿದುಕೊಳ್ಳಲು ಏನೋ ಒಂದು ಮೇಲಿರುತ್ತದೆ.

ಇನ್ನು ಮೋಟಾರು. 14 ಅಡಿ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಗಂಟೆಗೆ 8–9 ಕಿ.ಮೀ. ದಾಟಲು ಒಪ್ಪುವುದಿಲ್ಲ. ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಅಷ್ಟು ವೇಗಕ್ಕೆ 5 ಎಚ್‌ಪಿ ಸಾಕು, ಹಾಗಾಗಿ 5 ಅಂದವರು ಸುಮ್ನೆ ಹೇಳಿದ್ದಲ್ಲ. ಅದಕ್ಕಿಂತ ಜೋರು ಬೇಕೆಂದರೆ ದೋಣಿ ಮೇಲೆದ್ದು ನೀರಿನ ಮೇಲೆ ಜಾರಬೇಕು. 400 ಕೆಜಿ ಹೊತ್ತ ದೋಣಿಯನ್ನು 15 ಎಚ್‌ಪಿ ಕೂಡ ಸುಲಭವಾಗಿ ಮೇಲೆತ್ತುವುದಿಲ್ಲ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಜೊತೆಗೆ 15ರ ಫೋರ್‌ಸ್ಟ್ರೋಕ್ ಮೋಟಾರು 50 ಕೆಜಿ ಆಸುಪಾಸು ತೂಗುತ್ತದೆ. ಅದರ ಪಕ್ಕ ನಡೆಸುವವನೂ ಕೂತರೆ, ಹಿಂದೆ ಹೇರು ಜಾಸ್ತಿಯಾದ ಎತ್ತಿನ ಗಾಡಿಯ ಮೂಕಿ ಏಳುವ ಹಾಗೆ ದೋಣಿಯ ಮೂತಿ ಮೇಲೇಳುತ್ತದೆ.

ನನ್ನ ಸಲಹೆ 9.9 ಎಚ್‌ಪಿ ಫೋರ್‌ಸ್ಟ್ರೋಕ್. ಎದುರು ಗಾಳಿಗೆ ಉಳಿಕೆ ಶಕ್ತಿ ಬೇಕು, ಅದಕ್ಕೆ. ಇನ್ನೊಂದು ಕಾರಣ ನಮ್ಮ ಎತ್ತರ. ಹೇಮಾವತಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 2,922 ಅಡಿ. ಎತ್ತರ ಹೋದಂತೆ ಗಾಳಿ ತೆಳು. ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಡಬ್ಬದ ಮೇಲೆ 9.9 ಅಂತಿದ್ದರೂ ನಿಮಗೆ ಸಿಗುವುದು 9. ಭಾರ ಹೇರಿ ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ, ಒಂದು ಇಂಚು ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಹಾಕಿಸಿ. ಪಿಚ್ಚು ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ.

ಆರ್ಡರ್ ಕೊಡುವ ಮೊದಲು ಟೇಪು ಹಿಡಿಯಿರಿ. ಮೋಟಾರು ಕಚ್ಚುವ ಹಿಂಬದಿ ಗೋಡೆಯ ಮೇಲಂಚಿನ ನಡುವಿನಿಂದ ನೇರ ತಳದವರೆಗೆ 15 ಇಂಚು ಇದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್ ಶಾಫ್ಟ್. ಇದು ತಪ್ಪಿದರೆ ಪ್ರೊಪೆಲ್ಲರ್ ಒಂದೋ ಗಾಳಿ ಕಡೆಯುತ್ತದೆ, ಇಲ್ಲವೋ ಆಳಕ್ಕಿಳಿದು ಬುಡಗಳಿಗೆ ಬಡಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಶಿಯರ್ ಪಿನ್ (ಏನಾದರೂ ಬಡಿದರೆ ತಾನು ಮುರಿದು ಗೇರ್ ಉಳಿಸುವ ಕಡ್ಡಿ) ಇರುವ ಮಾಡೆಲ್ ಆದರೆ ಎರಡು ಪಿನ್, ಒಂದು ಇಕ್ಕಳ ಸದಾ ದೋಣಿಯಲ್ಲಿರಲಿ. ಹುಟ್ಟನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ನಡೆಸುವವನು ಕೈಗೋ ಜಾಕೆಟ್ಟಿಗೋ ಸಿಕ್ಕಿಸಿಕೊಂಡೇ ಸ್ಟಾರ್ಟ್ ಮಾಡಲಿ.

ಲೈಸೆನ್ಸ್ ಮೀನಿಗೆ ಸಂಬಂಧಿಸಿದ್ದು. ಎಂಜಿನ್ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ತಪಾಸಣೆ, ನೋಂದಣಿಯ ನಿಯಮಗಳಿವೆ. ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ದುಡ್ಡು ಕೊಡುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲೂ ನಿಗಮದಲ್ಲೂ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಕರಾವಳಿಯಿಂದ ಹಳೇ 8 ಎಚ್‌ಪಿ ಟೂಸ್ಟ್ರೋಕ್ ಮೋಟಾರು ಅಗ್ಗಕ್ಕೆ ಬಂದಿದೆ. ಭದ್ರಾ ಹಿನ್ನೀರಿಗೆ ಬಳಸಬಹುದಾ? ಏನು ನೋಡಬೇಕು?
– ಓದುಗರು, ಲಕ್ಕವಳ್ಳಿ

ಉತ್ತರ: ಬಳಸಬಹುದು, ಆದರೆ ಅದು ಉಪ್ಪುನೀರು ಕುಡಿದ ಮೋಟಾರು. ಹೊರಗಿನ ಪೇಂಟ್ ನೋಡಿ ಮರುಳಾಗಬೇಡಿ.

ಕೆಳಗಿನ ಗೇರ್ ಪೆಟ್ಟಿಗೆಯ ತಳದ ಸ್ಕ್ರೂ ಸ್ವಲ್ಪ ಸಡಿಲಿಸಿ, ನಾಲ್ಕು ಹನಿ ಆಯಿಲ್ ಬಿಳಿ ಕಾಗದದ ಮೇಲೆ ಹಿಡಿಯಿರಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ, ಒಳಗೆ ನೀರು ಸೇರಿದೆ. ಮೊದಲು ಬರೀ ನೀರೇ ಸುರಿದರೆ ಇನ್ನೂ ಕೆಟ್ಟದ್ದು. ಸ್ಕ್ರೂ ತುದಿಯಲ್ಲಿ ಲೋಹದ ಚೂರು ಅಂಟಿದ್ದರೆ ಗೇರ್ ಸವೆದಿದೆ. ಆಮೇಲೆ ಮೋಟಾರನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿಸಿ. ಹಿಂದಿನ ಚಿಕ್ಕ ತೂತಿನಿಂದ ನೀರು ಜೋರಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಇಂಪೆಲ್ಲರ್, ಅಂದರೆ ಎಂಜಿನ್ ತಂಪಾಗಿಸುವ ನೀರನ್ನು ಎತ್ತುವ ರಬ್ಬರ್ ಚಕ್ರ ಸವೆದಿರಬಹುದು, ಅದು ಸಣ್ಣ ಖರ್ಚು. ಒಳಗಿನ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿದ್ದರೆ ಅದು ದೊಡ್ಡ ಖರ್ಚು. ಎರಡು ಸಿಲಿಂಡರ್ ಇದ್ದರೆ ಕಂಪ್ರೆಷನ್ ಅಳೆಸಿ, ಒಂದಕ್ಕೂ ಇನ್ನೊಂದಕ್ಕೂ 10 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬೇಡ.

ಕೊಂಡ ಮೇಲೆ ಅನೋಡ್ ಬದಲಿಸಿ. ಮೋಟಾರಿನ ಲೋಹದ ಬದಲು ತಾನು ಸವೆಯಲಿ ಅಂತ ಹಾಕುವ ತುಂಡು ಅದು. ಸಮುದ್ರಕ್ಕೆ ಸತುವಿನದ್ದು ಹಾಕಿರುತ್ತಾರೆ. ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಇಲ್ಲಿಗೆ ಮೆಗ್ನೀಸಿಯಂದು ಬೇಕು. ದೋಣಿ ಅಲ್ಯುಮಿನಿಯಂ ಆದರೆ ತಾಮ್ರ ಬೆರೆತ ಪೇಂಟ್, ತಾಮ್ರದ ತಂತಿ ತಳಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ತಗಡನ್ನು ತಿಂದು ತೂತು ಮಾಡುತ್ತದೆ.

ಪೆಟ್ರೋಲ್ ವಿಷಯ ನನಗೆ ನಿಜವಾಗಿ ಚಿಂತೆ ತರುವಂಥದ್ದು. ಬಹುಪಾಲು ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಕಚ್ಚಿಸುವ ಮೋಟಾರು) ಕೈಪಿಡಿಗಳು 10 ಪರ್ಸೆಂಟ್ ಎಥೆನಾಲ್‌ವರೆಗೆ ಒಪ್ಪುತ್ತವೆ, ಬಂಕಿನಲ್ಲಿ ಈಗ ಸಿಗುವುದು 20. ಎಥೆನಾಲ್ ಗಾಳಿಯ ತೇವ ಹೀರಿ, ನೀರಿನ ಸಮೇತ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೇ ರಬ್ಬರ್ ಪೈಪುಗಳನ್ನೂ ಹಾಳು ಮಾಡುತ್ತದೆ. ಪೈಪು ಬದಲಿಸಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಆ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಆಯಿಲ್ ಅಳತೆ ನಿಮ್ಮ ಮಾಡೆಲ್ಲಿನ ಕೈಪಿಡಿಯದ್ದೇ ಆಗಬೇಕು, ಬೈಕಿನ ಆಯಿಲ್ ಬೇಡ. ಮೋಟಾರು ಮೂಲೆಗಿಡುವ ಮೊದಲು ಪೆಟ್ರೋಲ್ ಪೈಪು ಕಳಚಿ, ಅದು ತಾನಾಗಿ ನಿಲ್ಲುವ ತನಕ ಓಡಿಸಿ.

ನಿಮ್ಮ ಹಿನ್ನೀರು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ. ಆ ಕಡೆಯ ದಡಕ್ಕೆ ಮೋಟಾರು ಒಯ್ಯುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಪ್ರಶ್ನೆ: ಮೂಡಿಗೆರೆ ಹತ್ತಿರ ಕಾಫಿ ತೋಟ, ಹೋಂಸ್ಟೇ ಇದೆ. ತೋಟದ ಕೆರೆಯಲ್ಲಿ ಅತಿಥಿಗಳು ಗಾಳ ಹಾಕಲು ಚಿಕ್ಕ ದೋಣಿ ಬೇಕು. ಎಷ್ಟು ಎಚ್‌ಪಿ?
– ಓದುಗರು, ಮೂಡಿಗೆರೆ

ಉತ್ತರ: ಪೆಟ್ರೋಲ್ ಮೋಟಾರೇ ಬೇಡ. ಅದೇ ನೀರನ್ನು ಗಿಡಕ್ಕೆ ಹೊಡೆಯುತ್ತೀರಿ, ಅದೇ ನೀರಿನಲ್ಲಿ ಮೀನಿದೆ. 12 ಅಡಿಯ ಚಪ್ಪಟೆ ತಳದ ಅಲ್ಯುಮಿನಿಯಂ ದೋಣಿ, 12 ವೋಲ್ಟಿನ ಬ್ಯಾಟರಿ ಮೋಟಾರು ಸಾಕು. 55 ಪೌಂಡ್ ತಳ್ಳುವ ಬಲದ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಹಾಗಾಗಿ ಪೂರ್ತಿ ವೇಗಕ್ಕೆ ಒಂದು ಗಂಟೆಯೂ ಕಷ್ಟ, ನಿಧಾನಕ್ಕೆ ಹೋದರೆ ಅರ್ಧ ದಿನ. ಕಾರಿನ ಬ್ಯಾಟರಿ ಇದಕ್ಕೆ ಆಗುವುದಿಲ್ಲ, ಮತ್ತೆ ಮತ್ತೆ ಆಳಕ್ಕೆ ಇಳಿಸಿ ಚಾರ್ಜ್ ಮಾಡಲು ತಾಳುವ ಡೀಪ್ ಸೈಕಲ್ ಬ್ಯಾಟರಿಯೇ ಕೇಳಿ. ಬಿಸಿಲಿಗೆ ಅಲ್ಯುಮಿನಿಯಂ ಸೀಟು ಸುಡುತ್ತದೆ, ಮಕ್ಕಳು ಬರುವ ಜಾಗ, ಸೀಟಿಗೆ ರಬ್ಬರ್ ಮ್ಯಾಟ್ ಅಂಟಿಸಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇರೆಯೇ ತರಿಸಿ, ದೊಡ್ಡವರದ್ದು ಮಕ್ಕಳ ತಲೆಯಿಂದ ಜಾರಿಹೋಗುತ್ತದೆ.